ಸೀಮಿತ ಸ್ಥಳದ ಕೋಣೆಗೆ ಸ್ಟೀರಿಯೊ ಧ್ವನಿವರ್ಧಕಗಳ ಆಯ್ಕೆ

ಸ್ಟೀರಿಯೊ ಧ್ವನಿವರ್ಧಕಗಳ ಆಯ್ಕೆ ಎಂದರೆ ಎರಡು ವಾಹಿನಿಗಳಲ್ಲಿ ಮುದ್ರಿತವಾದ ಸಂಗೀತವನ್ನೋ ಮಾತನ್ನೋ ಮನೆಯಲ್ಲಿ ಕೇಳುವುದಕ್ಕಾಗಿ ಒಂದು ಜೊತೆ ಧ್ವನಿವರ್ಧಕಗಳನ್ನು, ಅಂದರೆ ಸ್ಪೀಕರುಗಳನ್ನು, ಗೊತ್ತುಮಾಡಿಕೊಳ್ಳುವ ಕ್ರಮ. ಧ್ವನಿವರ್ಧಕವನ್ನು ಬೇಕಾದ ಕಡೆ ಇಡಲು ಅವಕಾಶವಿದ್ದಾಗ ಆಯ್ಕೆ ಹೆಚ್ಚಾಗಿ ಕಿವಿಯ ರುಚಿಗೆ ಮತ್ತು ಹಣದ ಅನುಕೂಲಕ್ಕೆ ಬಿಟ್ಟದ್ದು. ಆದರೆ ಬಾಗಿಲು, ಕಿಟಕಿ, ಬೀರು, ಮಂಚ, ದೂರದರ್ಶನದ ಕಪಾಟು ಇವೆಲ್ಲ ಮೊದಲೇ ಜಾಗ ಹಿಡಿದುಕೊಂಡಿರುವ ಕೋಣೆಯಲ್ಲಿ ಪೆಟ್ಟಿಗೆಗಳು ಗೋಡೆಗೆ ಅಂಟಿಕೊಂಡೋ ಮೂಲೆಯಲ್ಲೋ ಕಪಾಟಿನ ಒಳಗೋ ಕುಳಿತುಕೊಳ್ಳಬೇಕಾಗುತ್ತದೆ. ಅಂಥಲ್ಲಿ ಇಡುವ ಸ್ಥಳವೇ ಮೊದಲು ನಿರ್ಧಾರವಾಗಿ, ಆ ಸ್ಥಳಕ್ಕೆ ಒಗ್ಗುವ ಧ್ವನಿವರ್ಧಕವನ್ನು ಅನಂತರ ಹುಡುಕುವುದು ಸರಿಯಾದ ಕ್ರಮ. ಈ ಕ್ರಮ ತಲೆಕೆಳಗಾದಾಗ ಬೆಲೆಬಾಳುವ ಉಪಕರಣವೂ ಬಾವಿಯೊಳಗಿನಿಂದ ಕೂಗಿದಂತೆ ಕೇಳಿಸುತ್ತದೆ.

ಹಿನ್ನೆಲೆ

ಇಂದು ಬಳಕೆಯಲ್ಲಿರುವ, ಸುರುಳಿಯು ಕಾಂತಕ್ಷೇತ್ರದಲ್ಲಿ ಚಲಿಸಿ ಶಂಕುವನ್ನು ಅಲುಗಿಸುವ ಬಗೆಯ ಧ್ವನಿವರ್ಧಕವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ವಿವರಿಸಿದರು. ಎರಡು ವಾಹಿನಿಗಳ ಧ್ವನಿಮುದ್ರಣದ ಮೂಲ ತತ್ತ್ವಗಳನ್ನು ಇಂಗ್ಲೆಂಡಿನ ಇಎಂಐ ಸಂಸ್ಥೆಯ ಎಂಜಿನಿಯರ್ ಆಲನ್ ಬ್ಲಮ್ಲೀನ್ 1931ರಲ್ಲಿ ಸಲ್ಲಿಸಿದ ಪೇಟೆಂಟಿನಲ್ಲಿ ಪ್ರತಿಪಾದಿಸಿದ. 1942ರಲ್ಲಿ ರಡಾರ್ ಪರೀಕ್ಷೆಯ ವಿಮಾನ ಅಪಘಾತಕ್ಕೀಡಾಗಿ ಅವನು ತೀರಿಕೊಂಡ. ಸ್ಟೀರಿಯೊ ಧ್ವನಿಮುದ್ರಿಕೆಗಳು ಮಾರುಕಟ್ಟೆಯಲ್ಲಿ ಹರಡಿದ್ದು 1958ರಿಂದ ಈಚೆಗೆ.

ಅಲ್ಲಿಯವರೆಗೆ ಉತ್ತಮ ಧ್ವನಿವರ್ಧಕವೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಮನೆಗೆ ಒಂದು ತರಿಸುವುದೇ ಕಷ್ಟವಾಗಿದ್ದ ಕಾಲದಲ್ಲಿ ಸ್ಟೀರಿಯೊ ಎರಡನ್ನು ಬೇಡಿತು. ಇದಕ್ಕೆ ದಾರಿ ಮಾಡಿಕೊಟ್ಟವನು ಎಡ್ಗರ್ ವಿಲ್ಚರ್. ಅವನು ಹೆನ್ರಿ ಕ್ಲಾಸ್ ಜೊತೆಗೂಡಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿ 1954ರಲ್ಲಿ ಎಆರ್-1 ಎಂಬ ಮಾದರಿಯನ್ನು ಹೊರತಂದ. ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಗಾಳಿಯೇ ಶಂಕುವಿಗೆ ಸ್ಪ್ರಿಂಗಿನಂತೆ ವರ್ತಿಸುವ ಈ ವಿನ್ಯಾಸದಿಂದ, ಕಪಾಟಿನಲ್ಲಿ ಕೂರುವ ಗಾತ್ರದ ಪೆಟ್ಟಿಗೆಯಲ್ಲೂ ಮಂದ್ರಧ್ವನಿ ಸಾಧ್ಯವಾಯಿತು. ಈಗಲೂ ಬಳಕೆಯಲ್ಲಿರುವ ಬುಕ್‌ಶೆಲ್ಫ್ ಸ್ಪೀಕರ್ ಎಂಬ ಹೆಸರಿನ ಬೇರು ಈ ಕಾಲದ್ದು. ಆದರೆ ಈ ಹೆಸರಿನಲ್ಲಿ ಇಂದು ಮಾರಾಟವಾಗುವ ಹಲವು ಪೆಟ್ಟಿಗೆಗಳು ಕಪಾಟಿಗಾಗಿ ರೂಪುಗೊಂಡವಲ್ಲ. ಅವು ಗೋಡೆಯಿಂದ ದೂರ, ಸ್ಟ್ಯಾಂಡಿನ ಮೇಲೆ ನಿಲ್ಲಬೇಕಾದವು. ಕೊಳ್ಳುವವರು ಮೊದಲು ಎಡವುವುದು ಈ ಹೆಸರಿನಲ್ಲಿಯೇ.

ಗೋಡೆಯ ಸಾಮೀಪ್ಯ

ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಈ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆ. 50 ಹರ್ಟ್ಸ್‌ನ ಮಂದ್ರಧ್ವನಿಯ ತರಂಗದೂರ ಸುಮಾರು 7 ಮೀಟರ್; 5,000 ಹರ್ಟ್ಸ್‌ನ ತಾರಧ್ವನಿಯದು 7 ಸೆಂಟಿಮೀಟರಿಗೂ ಕಡಿಮೆ. ಕೋಣೆಯಲ್ಲಿ ನಡೆಯುವ ಬಹುಪಾಲು ವಿದ್ಯಮಾನಗಳು ಈ ಎರಡು ಅಳತೆಗಳ ಅಂತರದಿಂದ ಹುಟ್ಟುತ್ತವೆ.

ತರಂಗದೂರಕ್ಕೆ ಹೋಲಿಸಿದರೆ ಪೆಟ್ಟಿಗೆ ಚಿಕ್ಕದಾದಾಗ ಶಬ್ದವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಆದುದರಿಂದ ಮುಂದೆ ಮುಖಮಾಡಿ ಇಟ್ಟ ಧ್ವನಿವರ್ಧಕದ ಮಂದ್ರಧ್ವನಿ ಹಿಂದಿನ ಗೋಡೆಗೂ ಅಷ್ಟೇ ಬಲವಾಗಿ ತಲಪಿ ಅಲ್ಲಿಂದ ಪ್ರತಿಫಲಿಸಿ ಬರುತ್ತದೆ. ತಾರಧ್ವನಿ ಮಾತ್ರ ದೀಪದ ಬೆಳಕಿನಂತೆ ಮುಂದಕ್ಕೆ ಸಾಗುತ್ತದೆ. ಇವೆರಡರ ನಡುವಿನ ಗಡಿಯನ್ನು ಪೆಟ್ಟಿಗೆಯ ಮುಂಬದಿಯ ಅಗಲ ನಿರ್ಧರಿಸುತ್ತದೆ: 115ನ್ನು ಮೀಟರುಗಳಲ್ಲಿ ಹೇಳಿದ ಅಗಲದಿಂದ ಭಾಗಿಸಿದರೆ ಸುಮಾರಾಗಿ ಆ ಆವೃತ್ತಿ ದೊರೆಯುತ್ತದೆ. 20 ಸೆಂಟಿಮೀಟರ್ ಅಗಲದ ಪೆಟ್ಟಿಗೆಗೆ ಇದು 575 ಹರ್ಟ್ಸ್.

ಹಿಂದಿನ ಗೋಡೆ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಅತಿ ಕೆಳಗಿನ ಆವೃತ್ತಿಗಳಲ್ಲಿ ಪ್ರತಿಫಲಿತ ತರಂಗವು ನೇರ ತರಂಗದ ಜೊತೆಗೇ ಸೇರಿಕೊಂಡು ಮಟ್ಟವನ್ನು 6 ಡೆಸಿಬೆಲ್‌ವರೆಗೆ ಏರಿಸುತ್ತದೆ. ಪಕ್ಕದ ಗೋಡೆಯೂ ಹತ್ತಿರವಿದ್ದರೆ ಅದೂ ತನ್ನ ಪಾಲನ್ನು ಸೇರಿಸುತ್ತದೆ. ನೆಲದ ಪಾಲು ಹೇಗೂ ಇದ್ದೇ ಇರುತ್ತದೆ. ಮೂಲೆಯಲ್ಲಿಟ್ಟ ಧ್ವನಿವರ್ಧಕ ಗುಂಯ್‌ಗುಡುವುದಕ್ಕೆ ಇದೇ ಕಾರಣ. ಎರಡನೆಯದು, ಹೋಗಿಬರುವ ದಾರಿ ತರಂಗದೂರದ ಅರ್ಧದಷ್ಟಾದಾಗ ಪ್ರತಿಫಲಿತ ತರಂಗದ ತಗ್ಗು ನೇರ ತರಂಗದ ಉಬ್ಬಿನ ಮೇಲೆ ಬಂದು ಕೂತು ಎರಡೂ ಒಂದನ್ನೊಂದು ಅಳಿಸುತ್ತವೆ. ಧ್ವನಿವರ್ಧಕದ ಮುಖದಿಂದ ಗೋಡೆಗೆ ಇರುವ ದೂರವನ್ನು ನಾಲ್ಕರಿಂದ ಗುಣಿಸಿ, ಬಂದ ಸಂಖ್ಯೆಯಿಂದ ಶಬ್ದದ ವೇಗವನ್ನು ಭಾಗಿಸಿದರೆ ಆ ಆವೃತ್ತಿ ತಿಳಿಯುತ್ತದೆ. ದೂರ 1 ಮೀಟರ್ ಆಗಿದ್ದರೆ 86 ಹರ್ಟ್ಸ್. ಅರ್ಧ ಮೀಟರ್ ಆಗಿದ್ದರೆ 171 ಹರ್ಟ್ಸ್. 30 ಸೆಂಟಿಮೀಟರ್ ಆಗಿದ್ದರೆ 286 ಹರ್ಟ್ಸ್. ಇಲ್ಲಿ ದೂರವೆಂದರೆ ಪೆಟ್ಟಿಗೆಯ ಬೆನ್ನಿನಿಂದ ಅಲ್ಲ, ಶಂಕುವಿರುವ ಮುಖದಿಂದ. 25 ಸೆಂಟಿಮೀಟರ್ ಆಳದ ಪೆಟ್ಟಿಗೆಯನ್ನು ಗೋಡೆಯಿಂದ 5 ಸೆಂಟಿಮೀಟರ್ ಬಿಟ್ಟು ಇಟ್ಟರೆ ಲೆಕ್ಕಕ್ಕೆ ಬರುವುದು 30.

ಈ ಲೆಕ್ಕದಿಂದ ಹೊರಡುವ ತೀರ್ಮಾನ ಸಾಮಾನ್ಯ ನಂಬಿಕೆಗೆ ಸ್ವಲ್ಪ ವಿರುದ್ಧವಾಗಿದೆ. ಗೋಡೆಯಿಂದ ದೂರ ಇಟ್ಟಷ್ಟೂ ಒಳ್ಳೆಯದು ಎಂಬುದು ದೊಡ್ಡ ಹಜಾರಗಳ ಮಟ್ಟಿಗೆ ನಿಜ. ಚಿಕ್ಕ ಕೋಣೆಯಲ್ಲಿ ಅರ್ಧ ಮೀಟರಿನಿಂದ ಒಂದು ಮೀಟರಿನ ನಡುವಿನ ದೂರ ಎರಡೂ ಕಡೆಯಿಂದ ನಷ್ಟ: ನಡೆದಾಡುವ ಜಾಗವೂ ಹೋಯಿತು, ಅಳಿಸುವಿಕೆಯೂ ಗಂಡು ಕಂಠ ಮತ್ತು ಮೃದಂಗದ ಎಡಮುಖದ ನಾದ ಇರುವ ವಲಯಕ್ಕೇ ಬಿತ್ತು. ಅದರ ಬದಲು ಪೆಟ್ಟಿಗೆಯನ್ನು ಗೋಡೆಗೆ ಪೂರ್ತಿ ಸರಿಸಿದರೆ ಅಳಿಸುವಿಕೆ ಮೇಲಿನ ಆವೃತ್ತಿಗೆ ಏರುತ್ತದೆ. ಅಲ್ಲಿ ಧ್ವನಿವರ್ಧಕವು ಹಿಂದಕ್ಕೆ ಕಳಿಸುವ ಶಬ್ದವೇ ಕಡಿಮೆಯಾದ್ದರಿಂದ ಅದರ ತೀವ್ರತೆ ತಗ್ಗುತ್ತದೆ. ಉಳಿಯುವುದು ಮಂದ್ರದ ಹೆಚ್ಚಳ ಮಾತ್ರ. ಅದನ್ನು ನಿಭಾಯಿಸಲು ಉಪಾಯಗಳಿವೆ.

ಅಕೌಸ್ಟಿಕ್ ರಿಸರ್ಚ್‌ನಲ್ಲಿ ಹಿಂದೆ ಕೆಲಸ ಮಾಡಿದ್ದ ರಾಯ್ ಅಲಿಸನ್ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಣೆಯ ಮೇಲ್ಮೈಗಳು ಧ್ವನಿವರ್ಧಕದ ಉತ್ಪತ್ತಿಯನ್ನೇ ಹೇಗೆ ಬದಲಿಸುತ್ತವೆ ಎಂಬುದನ್ನು ತೋರಿಸಿದ. ವೂಫರು ನೆಲ, ಹಿಂದಿನ ಗೋಡೆ, ಪಕ್ಕದ ಗೋಡೆ ಈ ಮೂರಕ್ಕೂ ಸಮ ದೂರದಲ್ಲಿದ್ದಾಗ ಮೂರು ಅಳಿಸುವಿಕೆಗಳೂ ಒಂದೇ ಆವೃತ್ತಿಯಲ್ಲಿ ಬಿದ್ದು ಆಳವಾದ ಹಳ್ಳ ಉಂಟಾಗುತ್ತದೆ. ಆದ್ದರಿಂದ ಈ ಮೂರು ದೂರಗಳು ಒಂದಕ್ಕೊಂದು ಬೇರೆಯಾಗಿರಬೇಕು. ಅಳತೆಪಟ್ಟಿಯೊಂದಿದ್ದರೆ ಸಾಕು, ಖರ್ಚಿಲ್ಲದ ಸುಧಾರಣೆ ಇದು.

ಕೋಣೆಯ ಅನುನಾದ

ಎದುರುಬದುರು ಗೋಡೆಗಳ ನಡುವೆ ಮಂದ್ರ ತರಂಗಗಳು ಹೋಗಿಬಂದು ಸ್ಥಾಯೀ ತರಂಗಗಳಾಗಿ ನಿಲ್ಲುತ್ತವೆ. ಶಬ್ದದ ವೇಗವನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಅನುನಾದದ ಆವೃತ್ತಿ ಬರುತ್ತದೆ. ಕರ್ನಾಟಕದ ನಗರಗಳ ಮನೆಗಳಲ್ಲಿ ಸಾಮಾನ್ಯವಾದ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಉದ್ದದ ಅನುನಾದ ಸುಮಾರು 47 ಹರ್ಟ್ಸ್. ಅಗಲದ್ದು 56 ಹರ್ಟ್ಸ್. ಎತ್ತರವೂ ಅಷ್ಟೇ ಇರುವುದರಿಂದ ಅದೂ 56 ಹರ್ಟ್ಸ್. ಎರಡು ಅನುನಾದಗಳು ಒಂದೇ ಕಡೆ ಕೂಡಿಬಿದ್ದ ಇಂಥ ಕೋಣೆಯಲ್ಲಿ ಆ ಒಂದು ಸ್ವರ ಉಳಿದವುಗಳನ್ನು ತುಳಿದು ಮೇಲೇಳುತ್ತದೆ. ಒಂದು ಕಟ್ಟೆಯ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್ ಆದ್ದರಿಂದ ಕರ್ನಾಟಕ ಸಂಗೀತ ಕೇಳುವವರು ಇದರಿಂದ ಕೂದಲೆಳೆಯಲ್ಲಿ ಪಾರಾಗುತ್ತಾರೆ. ಚಲನಚಿತ್ರಗಳ ಸ್ಫೋಟದ ಸದ್ದು, ಬೇಸ್ ಗಿಟಾರ್ ಇವುಗಳನ್ನು ಕೇಳುವವರಿಗೆ ಆ ಭಾಗ್ಯವಿಲ್ಲ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್‌ನಿಂದ ಆರಂಭವಾಗುತ್ತದೆ.

ಸ್ಥಾಯೀ ತರಂಗದ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ಮೊದಲ ಅನುನಾದದ ಮಟ್ಟಿಗೆ ಕೋಣೆಯ ನಟ್ಟನಡುವೆ ಅತಿ ಕಡಿಮೆ. ಹಿಂದಿನ ಗೋಡೆಗೆ ಒರಗಿಸಿದ ಸೋಫಾದಲ್ಲಿ ಕುಳಿತವರಿಗೆ ಬೇಸ್ ಹೆಚ್ಚಾಗಿಯೂ, ನಡುವೆ ಕುರ್ಚಿ ಹಾಕಿಕೊಂಡವರಿಗೆ ಕೊರತೆಯಾಗಿಯೂ ಕೇಳುವುದು ಇದರಿಂದ. ಧ್ವನಿವರ್ಧಕವನ್ನು ಸರಿಸಲಾಗದಿದ್ದರೂ ಕೇಳುವವರ ಆಸನವನ್ನು ಒಂದು ಅಡಿ ಮುಂದೆ ತರಲು ಎಷ್ಟೋ ಮನೆಗಳಲ್ಲಿ ಸಾಧ್ಯ. ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಮೂರರಲ್ಲಿ ಒಂದು ಭಾಗದಷ್ಟು ಮುಂದೆ ಕುಳಿತರೆ ಸಾಮಾನ್ಯವಾಗಿ ಫಲಿತಾಂಶ ಚೆನ್ನಾಗಿರುತ್ತದೆ.

ಇಂಥ ಕೋಣೆಯಲ್ಲಿ ಸುಮಾರು 250 ಹರ್ಟ್ಸ್‌ನಿಂದ ಕೆಳಗೆ ಕೋಣೆಯದೇ ಆಡಳಿತ. ಅದರ ಮೇಲೆ ಧ್ವನಿವರ್ಧಕದ ಗುಣ ಕೇಳುತ್ತದೆ. ಈ ಗಡಿಗೆ ಜರ್ಮನ್ ಭೌತವಿಜ್ಞಾನಿ ಮಾನ್‌ಫ್ರೆಡ್ ಶ್ರೋಡರ್‌ನ ಹೆಸರಿದೆ. ಒಂದೇ ಮಾದರಿಯನ್ನು ಇಬ್ಬರು ಕೊಂಡು, ಒಬ್ಬರು ಹೊಗಳಿ ಇನ್ನೊಬ್ಬರು ತೆಗಳಿದರೆ ಇಬ್ಬರೂ ಸತ್ಯವನ್ನೇ ಹೇಳುತ್ತಿರುವ ಸಾಧ್ಯತೆ ಇದೆ.

ಪೆಟ್ಟಿಗೆಯ ಬಗೆಗಳು

ಮುಚ್ಚಿದ ಪೆಟ್ಟಿಗೆಯ ಧ್ವನಿವರ್ಧಕದಲ್ಲಿ ಕೆಳಗಿನ ಮಿತಿಯ ಬಳಿಕ ಧ್ವನಿಮಟ್ಟ ಪ್ರತಿ ಸಪ್ತಕಕ್ಕೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಕೊಳವೆಯಂಥ ರಂಧ್ರವಿಟ್ಟು ಒಳಗಿನ ಗಾಳಿಯನ್ನೂ ದುಡಿಸಿಕೊಳ್ಳುವ ಬಗೆಯಲ್ಲಿ ಇಳಿತ 24 ಡೆಸಿಬೆಲ್; ಅದು ಹೆಚ್ಚು ಕಡಿದಾದರೂ ಮಿತಿ ಇನ್ನಷ್ಟು ಕೆಳಗಿರುತ್ತದೆ. ಈ ಎರಡನೆಯ ಬಗೆಯ ಗಣಿತವನ್ನು ಆಸ್ಟ್ರೇಲಿಯದಲ್ಲಿ ನೆವಿಲ್ ಥೀಲ್ 1961ರಲ್ಲಿಯೂ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ರೂಪಿಸಿದರು. ಇಂದಿನ ಮಾರುಕಟ್ಟೆಯ ಬಹುಪಾಲು ಧ್ವನಿವರ್ಧಕಗಳು ರಂಧ್ರವುಳ್ಳವು.

ಗೋಡೆಗೆ ಅಂಟಿಸಿ ಇಡುವವರಿಗೆ ಮುಚ್ಚಿದ ಪೆಟ್ಟಿಗೆ ಹೆಚ್ಚು ಸುರಕ್ಷಿತ. ಅದರ ನಿಧಾನವಾದ ಇಳಿತವನ್ನು ಗೋಡೆಯ ಹೆಚ್ಚಳ ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ರಂಧ್ರವುಳ್ಳದ್ದು ತೆರೆದ ಜಾಗದಲ್ಲಿ ಸಮನಾಗಿರುವಂತೆ ರೂಪುಗೊಂಡಿದ್ದರೆ ಗೋಡೆಯ ಬಳಿ ಉಬ್ಬುತ್ತದೆ. ಹಲವು ತಯಾರಕರು ಪೆಟ್ಟಿಗೆಯ ಜೊತೆಗೆ ಸ್ಪಂಜಿನ ಬಿರಡೆಗಳನ್ನು ಕೊಡುತ್ತಾರೆ. ರಂಧ್ರಕ್ಕೆ ಅದನ್ನು ತುರುಕಿದರೆ ಧ್ವನಿವರ್ಧಕ ಮುಚ್ಚಿದ ಪೆಟ್ಟಿಗೆಯ ಗುಣಕ್ಕೆ ಹತ್ತಿರವಾಗುತ್ತದೆ. ಬ್ರಿಟನ್ನಿನ ಕೆಇಎಫ್ ಸಂಸ್ಥೆಯ 2012ರ ಎಲ್ಎಸ್50 ಇದಕ್ಕೊಂದು ಉದಾಹರಣೆ. ಬಿರಡೆ ಇಲ್ಲದಿದ್ದರೆ ಸುತ್ತಿದ ಕಾಲುಚೀಲದಿಂದಲೂ ಪ್ರಯೋಗ ಮಾಡಿ ನೋಡಬಹುದು, ಅದು ಒಳಗೆ ಬೀಳದಂತೆ ಎಚ್ಚರವಿದ್ದರೆ.

ರಂಧ್ರವು ಬೆನ್ನಿನ ಬದಲು ಮುಂಬದಿಯಲ್ಲಿದ್ದರೆ ಗೋಡೆಯ ತೊಂದರೆ ಇಲ್ಲ ಎಂಬ ಮಾತು ಅಂಗಡಿಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಇದು ಅರ್ಧಸತ್ಯ. ಬೆನ್ನಿನ ರಂಧ್ರಕ್ಕೆ ಗಾಳಿಯಾಡಲು ರಂಧ್ರದ ವ್ಯಾಸದಷ್ಟಾದರೂ ಜಾಗ ಬೇಕು. ಮುಂಬದಿಯದಕ್ಕೆ ಆ ಬಂಧನವಿಲ್ಲ. ಆದರೆ ಮಂದ್ರಧ್ವನಿ ಯಾವ ಬದಿಯ ರಂಧ್ರದಿಂದ ಹೊರಟರೂ ಎಲ್ಲ ದಿಕ್ಕಿಗೂ ಹರಡುವುದರಿಂದ ಗೋಡೆಯ ಹೆಚ್ಚಳ ಎರಡಕ್ಕೂ ಒಂದೇ.

ಎರಡೂ ಬದಿಗೆ ಶಬ್ದ ಸೂಸುವ ತೆರೆದ ಫಲಕದ ಧ್ವನಿವರ್ಧಕಗಳು, ಉದಾಹರಣೆಗೆ 1957ರಲ್ಲಿ ಬಂದ ಕ್ವಾಡ್ ಸ್ಥಿರವಿದ್ಯುತ್ ಧ್ವನಿವರ್ಧಕ, ಹಿಂದೆ ಸುಮಾರು ಒಂದು ಮೀಟರ್ ಜಾಗವಿಲ್ಲದೆ ಸರಿಯಾಗಿ ಕೆಲಸ ಮಾಡವು. 1968ರ ಬೋಸ್ 901ರಂತೆ ಹೆಚ್ಚಿನ ಶಬ್ದವನ್ನು ಬೇಕೆಂದೇ ಹಿಂದಿನ ಗೋಡೆಗೆ ಎರಚುವ ಮಾದರಿಗಳೂ ಗೋಡೆಯಿಂದ ನಿಗದಿತ ದೂರವನ್ನು ಬಯಸುತ್ತವೆ. ಇವೆರಡೂ ಇಕ್ಕಟ್ಟಿನ ಕೋಣೆಗೆ ಹೇಳಿಸಿದ್ದಲ್ಲ.

ಗೋಡೆ ಮತ್ತು ಮೂಲೆಗಾಗಿ ರೂಪುಗೊಂಡ ಮಾದರಿಗಳು

ಗೋಡೆಯನ್ನು ಶತ್ರುವೆಂದು ಬಗೆಯದೆ ಉಪಕರಣದ ಭಾಗವಾಗಿಯೇ ಬಳಸಿಕೊಂಡ ವಿನ್ಯಾಸಕರ ಒಂದು ಪರಂಪರೆಯೇ ಇದೆ. ಅಮೆರಿಕದ ಪಾಲ್ ಕ್ಲಿಪ್ಶ್ 1946ರಿಂದ ತಯಾರಿಸತೊಡಗಿದ ಕ್ಲಿಪ್ಶ್‌ಹಾರ್ನ್ ಮಾದರಿಯಲ್ಲಿ ಕೋಣೆಯ ಮೂಲೆಯ ಎರಡು ಗೋಡೆಗಳೇ ಕಹಳೆಯ ಬಾಯಿಯ ಮುಂದುವರಿಕೆಯಾಗುತ್ತವೆ. ಅದಕ್ಕೆ ಮೂಲೆ ಇಲ್ಲದಿದ್ದರೇ ತೊಂದರೆ. ಅಲಿಸನ್ ತನ್ನ ಅಧ್ಯಯನದ ಬಳಿಕ ಸ್ವಂತ ಸಂಸ್ಥೆ ಆರಂಭಿಸಿ, ವೂಫರುಗಳು ನೆಲ ಮತ್ತು ಗೋಡೆ ಕೂಡುವ ರೇಖೆಯ ಹತ್ತಿರವೇ ಇರುವಂತೆ ಪೆಟ್ಟಿಗೆಗಳನ್ನು ಕಟ್ಟಿದ. ಸ್ವೀಡನ್ನಿನ ಸ್ಟಿಗ್ ಕಾರ್ಲ್‌ಸನ್ ಸೊನಾಬ್ ಸಂಸ್ಥೆಗಾಗಿ ರೂಪಿಸಿದ ಧ್ವನಿವರ್ಧಕಗಳೂ ಗೋಡೆಯ ಪಕ್ಕದಲ್ಲಿ ನಿಲ್ಲುವಂಥವು. ಆ ವಿಚಾರವನ್ನು ಈಗ ಲಾರ್ಸನ್ ಎಂಬ ಹೆಸರಿನ ಮಾದರಿಗಳು ಮುಂದುವರಿಸಿವೆ. ಬ್ರಿಟನ್ನಿನ ಲಿನ್ ಕ್ಯಾನ್ ಮತ್ತು ನೇಮ್ ಎಸ್‌ಬಿಎಲ್ ಗೋಡೆಗೆ ಹತ್ತಿರವೇ ಇರಬೇಕಾದವು. ಆಡಿಯೊ ನೋಟ್ ಸಂಸ್ಥೆಯ ಎಎನ್-ಇ ಮೂಲೆಗಾಗಿಯೇ ಇರುವ ಮಾದರಿ.

ಇವುಗಳಲ್ಲಿ ಕೆಲವು ಈಗ ತಯಾರಿಕೆಯಲ್ಲಿಲ್ಲ, ಇರುವವು ಭಾರತದಲ್ಲಿ ಸುಲಭವಾಗಿ ಸಿಗುವ ಬೆಲೆಯವಲ್ಲ. ಆದರೂ ಇವುಗಳಿಂದ ಕಲಿಯಬೇಕಾದ ಪಾಠವೊಂದಿದೆ: ತಯಾರಕರ ಕೈಪಿಡಿಯಲ್ಲಿ ಗೋಡೆಯ ದೂರದ ಬಗ್ಗೆ ಏನು ಬರೆದಿದೆ ಎಂಬುದನ್ನು ವಾಟುಗಳ ಸಂಖ್ಯೆಗಿಂತ ಮೊದಲು ಓದಬೇಕು. ಗೋಡೆಗೆ ನೇತುಹಾಕುವ, ಇಲ್ಲವೇ ಗೋಡೆಯೊಳಗೇ ಹುದುಗಿಸುವ ತೆಳುವಾದ ಮಾದರಿಗಳು ಇದೇ ತತ್ತ್ವದ ಅಗ್ಗದ ಸಂತಾನ. ಶಂಕು ಗೋಡೆಯ ಮಟ್ಟಕ್ಕೇ ಬಂದುಬಿಟ್ಟರೆ ಹಿಂದಿನ ಗೋಡೆಯ ಅಳಿಸುವಿಕೆ ಎಂಬುದೇ ಇರುವುದಿಲ್ಲ.

ಬಿಬಿಸಿ ಸಂಸ್ಥೆಯು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿಗಾಗಿ ರೂಪಿಸಿದ ಎಲ್ಎಸ್3/5ಎ ಇನ್ನೊಂದು ದಾರಿಯನ್ನು ತೋರಿಸಿತು. ಸುಮಾರು 30 ಸೆಂಟಿಮೀಟರ್ ಎತ್ತರದ ಈ ಮುಚ್ಚಿದ ಪೆಟ್ಟಿಗೆ ಅತಿ ಮಂದ್ರದ ಆಸೆಯನ್ನೇ ಬಿಟ್ಟು, ಮನುಷ್ಯರ ಮಾತು ಸಹಜವಾಗಿ ಕೇಳುವುದಕ್ಕೆ ಗಮನ ಕೊಟ್ಟಿತು. ಹಾಡುಗಾರಿಕೆ, ಹರಿಕಥೆ, ನಾಟಕದ ಧ್ವನಿಮುದ್ರಣ ಇವನ್ನು ಕೇಳುವವರಿಗೆ ಈ ಬಗೆಯ ಮಿತಿಯು ನಷ್ಟವೇನಲ್ಲ. ಕೋಣೆಯ ಅನುನಾದವನ್ನು ಕೆಣಕದೇ ಇರುವ ಧ್ವನಿವರ್ಧಕ ಕೋಣೆಯಿಂದ ಬೈಗುಳ ತಿನ್ನುವುದೂ ಕಡಿಮೆ.

ಗಾತ್ರ ಮತ್ತು ಶಕ್ತಿ

ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳವಾಗಿರಬೇಕು, ಕಡಿಮೆ ವಿದ್ಯುತ್ತಿನಲ್ಲಿ ಜೋರಾಗಿ ಕೇಳಬೇಕು: ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಇದನ್ನು ಹಾಫ್‌ಮನ್‌ನ ಕಬ್ಬಿಣದ ನಿಯಮ ಎನ್ನುತ್ತಾರೆ. ಈ ಹಾಫ್‌ಮನ್ ಪ್ರಸಿದ್ಧ ಪಿಯಾನೊ ವಾದಕ ಯೋಸೆಫ್ ಹಾಫ್‌ಮನ್‌ನ ಮಗ, ಕೆಎಲ್ಎಚ್ ಎಂಬ ಧ್ವನಿವರ್ಧಕ ಸಂಸ್ಥೆಯ ಸ್ಥಾಪಕರಲ್ಲೊಬ್ಬ. ಅಂಗೈ ಅಗಲದ ಪೆಟ್ಟಿಗೆಯಿಂದ ಗುಡುಗಿನಂಥ ಬೇಸ್ ಬರುತ್ತದೆಂಬ ಜಾಹೀರಾತನ್ನು ಓದುವಾಗ ಈ ನಿಯಮ ನೆನಪಿನಲ್ಲಿರಬೇಕು.

ಧ್ವನಿವರ್ಧಕದ ಸಂವೇದನಶೀಲತೆಯನ್ನು ನಿಗದಿತ ವಿದ್ಯುತ್ತು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಹೇಳುತ್ತಾರೆ. 84 ಡೆಸಿಬೆಲ್‌ನ ಧ್ವನಿವರ್ಧಕವು 90 ಡೆಸಿಬೆಲ್‌ನದರಷ್ಟೇ ಜೋರಾಗಿ ನುಡಿಯಲು ನಾಲ್ಕು ಪಟ್ಟು ಶಕ್ತಿ ಬೇಕು. ಎರಡು ಮೀಟರ್ ದೂರದಿಂದ ಕೇಳುವ ಸಣ್ಣ ಕೋಣೆಯಲ್ಲಿ ಇದು ದೊಡ್ಡ ಸಮಸ್ಯೆಯಲ್ಲ; 30 ರಿಂದ 50 ವಾಟಿನ ಒಂದು ಸಾಧಾರಣ ಆಂಪ್ಲಿಫೈಯರ್ ಸಾಕು.

ಕಪಾಟು, ಮೇಜು, ಅಟ್ಟ

ಪುಸ್ತಕದ ಕಪಾಟಿನ ಒಳಗೆ ಧ್ವನಿವರ್ಧಕವನ್ನು ಇಡಬೇಕಾದರೆ ಅದರ ಮುಖವು ಕಪಾಟಿನ ಅಂಚಿಗೆ ಸಮವಾಗಿ ಬರಬೇಕು. ಒಳಗೆ ಸರಿದಿದ್ದರೆ ಸುತ್ತಲಿನ ಹಲಗೆಗಳು ಪೊಳ್ಳು ಡಬ್ಬಿಯಾಗಿ ಮಾತನ್ನು ಮೂಗಿನಿಂದ ಆಡಿದಂತೆ ಮಾಡುತ್ತವೆ. ಪೆಟ್ಟಿಗೆಯ ಎರಡೂ ಪಕ್ಕದ ಖಾಲಿ ಜಾಗವನ್ನು ಪುಸ್ತಕಗಳಿಂದ ತುಂಬಿಬಿಟ್ಟರೆ ಆ ಪೊಳ್ಳುತನ ಬಹುಮಟ್ಟಿಗೆ ಹೋಗುತ್ತದೆ. ಗಾಜಿನ ಬಾಗಿಲಿನ ಶೋಕೇಸ್, ಅದರೊಳಗಿನ ಚನ್ನಪಟ್ಟಣದ ಗೊಂಬೆಗಳು, ಸ್ಟೀಲಿನ ಬೀರುವಿನ ಬಾಗಿಲು ಇವು ಕೆಲವು ಸ್ವರಗಳಿಗೆ ತಾವೂ ದನಿಗೂಡಿಸುತ್ತವೆ. ಕೆಟ್ಟಿರುವುದು ಧ್ವನಿವರ್ಧಕವೆಂದು ತಿಳಿದು ರಿಪೇರಿಗೆ ಒಯ್ಯುವ ಮೊದಲು ಇವುಗಳ ಮೇಲೆ ಕೈಯಿಟ್ಟು ನೋಡುವುದು ಲೇಸು. ಪೆಟ್ಟಿಗೆಯ ಕೆಳಗೆ ರಬ್ಬರಿನ ಇಲ್ಲವೇ ಸ್ಪಂಜಿನ ತುಂಡುಗಳನ್ನಿಟ್ಟರೆ ಕಂಪನ ಕಪಾಟಿಗೆ ಇಳಿಯುವುದು ತಗ್ಗುತ್ತದೆ.

ಮೇಜಿನ ಮೇಲಿಟ್ಟಾಗ ಮೇಜಿನ ಹಾಸು ಇನ್ನೊಂದು ಪ್ರತಿಫಲಕವಾಗಿ 100 ರಿಂದ 200 ಹರ್ಟ್ಸ್‌ನ ಸುತ್ತ ಉಬ್ಬರವನ್ನು ತರುತ್ತದೆ. ಪೆಟ್ಟಿಗೆಯನ್ನು ಮೇಜಿನ ಮುಂದಿನ ಅಂಚಿಗೆ ತಂದು, ಸ್ವಲ್ಪ ಎತ್ತರಿಸಿ, ಕಿವಿಯತ್ತ ಓರೆಯಾಗಿಸಿದರೆ ಅನುಕೂಲ. ಸ್ಟುಡಿಯೋಗಳಿಗಾಗಿ ತಯಾರಾಗುವ, ಆಂಪ್ಲಿಫೈಯರ್ ಒಳಗೇ ಇರುವ ಧ್ವನಿವರ್ಧಕಗಳ ಬೆನ್ನಿನಲ್ಲಿ ಗೋಡೆ, ಮೂಲೆ, ಮೇಜು ಇವುಗಳಿಗೆ ತಕ್ಕಂತೆ ಬೇಸ್ ಇಳಿಸುವ ಸಣ್ಣ ಗುಂಡಿಗಳಿರುತ್ತವೆ. ಫಿನ್ಲೆಂಡಿನ ಜೆನೆಲೆಕ್ ಸಂಸ್ಥೆಯ ಮಾದರಿಗಳು ಇದಕ್ಕೆ ಹೆಸರಾಗಿವೆ. ಜಾಗದ ಆಯ್ಕೆ ಇಲ್ಲದವರಿಗೆ ಈ ವರ್ಗದ ಧ್ವನಿವರ್ಧಕಗಳು ಮನೆಬಳಕೆಯ ಎಷ್ಟೋ ದುಬಾರಿ ಮಾದರಿಗಳಿಗಿಂತ ಹೆಚ್ಚು ಉಪಯುಕ್ತ.

ಟ್ವೀಟರು ಕೇಳುವವರ ಕಿವಿಯ ಮಟ್ಟದಲ್ಲಿರಬೇಕು. ಕುರ್ಚಿಯಲ್ಲಿ ಕುಳಿತವರಿಗೆ ಇದು ಸುಮಾರು 90 ರಿಂದ 100 ಸೆಂಟಿಮೀಟರ್. ಚಾಪೆಯ ಮೇಲೆ ಕೂತು ಕೇಳುವ ಮನೆಗಳಲ್ಲಿ ಇನ್ನೂ ಕೆಳಗೆ. ಅಟ್ಟದ ಮೇಲೆ ಇಡುವುದೊಂದೇ ದಾರಿಯಾದರೆ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಟ್ವೀಟರನ್ನು ಕೆಳಕ್ಕೆ ತಂದು, ಮುಂದಕ್ಕೆ ಬಾಗಿಸಿ, ಜಾರದಂತೆ ಕಟ್ಟಬೇಕು. ಮಕ್ಕಳಿರುವ ಮನೆಯಲ್ಲಿ ಈ ಕೊನೆಯ ಮಾತು ಧ್ವನಿಗಿಂತ ಮುಖ್ಯ.

ಎಡಬಲಗಳ ಅಸಮತೆ

ಎರಡು ಧ್ವನಿವರ್ಧಕಗಳು ಮತ್ತು ಕೇಳುವವರು ಸಮಬಾಹು ತ್ರಿಭುಜದ ಮೂರು ಶೃಂಗಗಳಲ್ಲಿರುವುದು ಆದರ್ಶ. ಎರಡು ಪೆಟ್ಟಿಗೆಗಳ ನಡುವೆ 1.2 ಮೀಟರ್ ಮಾತ್ರ ಸಿಕ್ಕುವ ಕೋಣೆಯಲ್ಲಿ ಮೂರು ಮೀಟರ್ ದೂರ ಕುಳಿತರೆ ಸ್ಟೀರಿಯೊ ಹರವು ಕುಗ್ಗಿ ಒಂದೇ ಪೆಟ್ಟಿಗೆಯಂತಾಗುತ್ತದೆ. ಆಗ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳಬೇಕು. ಹತ್ತಿರದಿಂದ ಕೇಳುವುದರಿಂದ ಇನ್ನೊಂದು ಲಾಭವೆಂದರೆ ಗೋಡೆಗಳ ಪ್ರತಿಫಲನಕ್ಕಿಂತ ನೇರ ಶಬ್ದದ ಪಾಲು ಹೆಚ್ಚುತ್ತದೆ.

ಒಂದು ಧ್ವನಿವರ್ಧಕ ಕೇಳುವವರಿಗೆ 30 ಸೆಂಟಿಮೀಟರ್ ಹತ್ತಿರವಿದ್ದರೆ ಅದರ ಶಬ್ದ ಸುಮಾರು 0.9 ಮಿಲಿಸೆಕೆಂಡು ಮೊದಲು ತಲಪುತ್ತದೆ. ಇಷ್ಟು ಸಾಕು, ಗಾಯಕನು ವೇದಿಕೆಯ ನಡುವಿನಿಂದ ಎದ್ದು ಆ ಪಕ್ಕಕ್ಕೆ ಹೋಗಿ ಕುಳಿತಂತೆ ಭಾಸವಾಗುತ್ತದೆ. ಮೊದಲು ತಲಪಿದ ಶಬ್ದವೇ ದಿಕ್ಕನ್ನು ನಿರ್ಧರಿಸುತ್ತದೆ ಎಂಬುದನ್ನು ಹೆಲ್ಮುಟ್ ಹಾಸ್ 1949ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾಲಯದ ತನ್ನ ಪ್ರಬಂಧದಲ್ಲಿ ವಿವರವಾಗಿ ಪರಿಶೀಲಿಸಿದ. ಡಿಜಿಟಲ್ ಸಂಸ್ಕರಣೆಯುಳ್ಳ ಆಂಪ್ಲಿಫೈಯರುಗಳಲ್ಲಿ ಹತ್ತಿರದ ವಾಹಿನಿಯನ್ನು ಅಷ್ಟೇ ತಡಮಾಡಿಸಿ ಇದನ್ನು ಸರಿಪಡಿಸಬಹುದು. ಅದಿಲ್ಲದವರು ಎರಡೂ ಪೆಟ್ಟಿಗೆಗಳನ್ನು ಚೆನ್ನಾಗಿ ಒಳಮುಖವಾಗಿ ತಿರುಗಿಸಿ, ಅವುಗಳ ದೃಷ್ಟಿರೇಖೆಗಳು ಕೇಳುವವರ ಮುಂದೆಯೇ ಒಂದನ್ನೊಂದು ಕತ್ತರಿಸುವಂತೆ ಮಾಡುವುದುಂಟು. ಆಗ ಯಾವ ಪಕ್ಕಕ್ಕೆ ಸರಿದು ಕೂತರೂ ದೂರದ ಧ್ವನಿವರ್ಧಕವು ನೇರವಾಗಿ ನೋಡುವುದರಿಂದ ಸ್ವಲ್ಪ ಜೋರಾಗಿ ಕೇಳಿ, ವಿಳಂಬದ ನಷ್ಟ ಒಂದಿಷ್ಟು ತುಂಬಿಬರುತ್ತದೆ. ಮನೆಮಂದಿಯೆಲ್ಲ ಸಾಲಾಗಿ ಕೂತು ಕೇಳುವಲ್ಲಿ ಇದು ಹೇಳಿಮಾಡಿಸಿದ ಉಪಾಯ.

ಈ ಕಾರಣಕ್ಕಾಗಿಯೇ ಧ್ವನಿವರ್ಧಕವು ಪಕ್ಕಗಳಿಗೆ ಶಬ್ದವನ್ನು ಎಷ್ಟು ಸಮನಾಗಿ ಹರಡುತ್ತದೆ ಎಂಬುದನ್ನು ಗಮನಿಸಬೇಕು. ಕೆನಡದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿಯೂ ಆಮೇಲೆ ಹರ್ಮನ್ ಸಂಸ್ಥೆಯಲ್ಲಿಯೂ ಫ್ಲಾಯ್ಡ್ ಟೂಲ್ ನಡೆಸಿದ ಪ್ರಯೋಗಗಳಲ್ಲಿ, ಮಾದರಿಯ ಹೆಸರು ಕಾಣದಂತೆ ಕೇಳಿದ ಜನರು ನೇರ ಶಬ್ದವೂ ಪಕ್ಕದ ಶಬ್ದವೂ ಒಂದೇ ಬಣ್ಣದಲ್ಲಿರುವ ಧ್ವನಿವರ್ಧಕಗಳನ್ನೇ ಹೆಚ್ಚಾಗಿ ಮೆಚ್ಚಿದರು.

ಸಬ್‌ವೂಫರ್ ಮತ್ತು ವಿದ್ಯುನ್ಮಾನ ತಿದ್ದುಪಡಿ

ಸ್ಟೀರಿಯೊ ಬಿಂಬಕ್ಕೆ ಒಳ್ಳೆಯದಾದ ಸ್ಥಳ ಮಂದ್ರಧ್ವನಿಗೆ ಒಳ್ಳೆಯದಾಗಿರಬೇಕೆಂದಿಲ್ಲ. 80 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಯಾವ ಕಡೆಯಿಂದ ಬಂತೆಂದು ಕಿವಿ ಗುರುತಿಸಲಾರದ್ದರಿಂದ ಆ ಕೆಲಸವನ್ನು ಬೇರೆಯೇ ಪೆಟ್ಟಿಗೆಗೆ ವಹಿಸಿ, ಅದನ್ನು ಅನುಕೂಲವಾದ ಜಾಗದಲ್ಲಿ ಇಡಬಹುದು. ಜಾಗ ಹುಡುಕಲು ಒಂದು ಸರಳ ವಿಧಾನ: ಸಬ್‌ವೂಫರನ್ನು ಕೇಳುವವರ ಆಸನದ ಮೇಲೆಯೇ ಇಟ್ಟು, ಬೇಸ್ ಇರುವ ಹಾಡೊಂದನ್ನು ಹಾಕಿ, ಗೋಡೆಗಳ ಉದ್ದಕ್ಕೂ ಅಂಬೆಗಾಲಿಟ್ಟು ಕೇಳುತ್ತಾ ಹೋಗುವುದು. ಎಲ್ಲಿ ಸ್ವರಗಳು ಸಮನಾಗಿ ಕೇಳುತ್ತವೆಯೋ ಅಲ್ಲಿ ಅದನ್ನು ಇಟ್ಟರೆ ಆಸನದಲ್ಲಿಯೂ ಹಾಗೆಯೇ ಕೇಳುತ್ತದೆ. ನೋಡುವವರಿಗೆ ನಗೆ ಬರಬಹುದಾದರೂ ವಿಧಾನ ಶಾಸ್ತ್ರೀಯವಾದದ್ದೇ. ಎರಡು ಸಬ್‌ವೂಫರುಗಳನ್ನು ಎದುರುಬದುರು ಗೋಡೆಗಳ ಮಧ್ಯದಲ್ಲಿಟ್ಟರೆ ಕೋಣೆಯ ಹಲವು ಅನುನಾದಗಳು ತಣ್ಣಗಾಗುತ್ತವೆಂಬುದನ್ನು ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ತೋರಿಸಿದ್ದಾನೆ.

ಡಿರ್ಯಾಕ್, ಆಡಿಸ್ಸಿ ಮೊದಲಾದ ವ್ಯವಸ್ಥೆಗಳು ಮೈಕ್ರೊಫೋನಿನಿಂದ ಕೋಣೆಯನ್ನು ಅಳೆದು ಸಂಕೇತವನ್ನು ತಿದ್ದುತ್ತವೆ. ಉಚಿತವಾಗಿ ದೊರೆಯುವ ರೂಮ್ ಇಕ್ಯೂ ವಿಜಾರ್ಡ್ ತಂತ್ರಾಂಶದಿಂದ ಅಳತೆಯನ್ನು ಸ್ವತಃ ಮಾಡಿಕೊಳ್ಳಲೂಬಹುದು. ತಿದ್ದುಪಡಿಯಿಂದ ಉಬ್ಬುಗಳನ್ನು ತಗ್ಗಿಸುವುದು ಸುಲಭ, ಹಳ್ಳಗಳನ್ನು ತುಂಬುವುದು ಸಾಧ್ಯವಿಲ್ಲ. ಅಳಿಸುವಿಕೆಯಿಂದಾದ ಹಳ್ಳಕ್ಕೆ ಶಕ್ತಿ ಸುರಿದಷ್ಟೂ ಪ್ರತಿಫಲಿತ ತರಂಗವೂ ಅಷ್ಟೇ ಬಲಿತು ಮತ್ತೆ ಅಳಿಸುತ್ತದೆ. 10 ಡೆಸಿಬೆಲ್ ಏರಿಸಹೊರಟರೆ ಆಂಪ್ಲಿಫೈಯರ್ ಹತ್ತು ಪಟ್ಟು ದುಡಿಯಬೇಕಾಗುತ್ತದೆ, ಅಷ್ಟೆ. ಗೋಡೆಗೆ ಅಂಟಿಸಿಟ್ಟ ಪೆಟ್ಟಿಗೆಯ ದೋಷ ಮುಖ್ಯವಾಗಿ ಉಬ್ಬಿನದೇ ಆದ್ದರಿಂದ ಅದು ತಿದ್ದುಪಡಿಗೆ ಒಲಿಯುತ್ತದೆ.

ಭಾರತೀಯ ಮನೆಗಳ ವಿಶೇಷ

ಉತ್ತರ ಅಮೆರಿಕದ ಹೆಚ್ಚಿನ ಮನೆಗಳ ಗೋಡೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದವು. ಅವು ಮಂದ್ರಧ್ವನಿಗೆ ತುಸು ಬಾಗಿ ಅದನ್ನು ಹೀರುತ್ತವೆ, ಹೊರಕ್ಕೂ ಬಿಡುತ್ತವೆ. ಇಲ್ಲಿನ ಗಾರೆ ಮಾಡಿದ ಇಟ್ಟಿಗೆ ಗೋಡೆ, ಕಾಂಕ್ರೀಟಿನ ಛಾವಣಿ, ಟೈಲ್ಸ್ ಇಲ್ಲವೇ ಮೊಸಾಯಿಕ್ ನೆಲ ಮಂದ್ರವನ್ನು ಒಳಗೇ ಕೂಡಿಹಾಕುತ್ತವೆ, ತಾರಧ್ವನಿಯನ್ನೂ ಪುಟಿಸುತ್ತವೆ. ಹೊರದೇಶದ ವಿಮರ್ಶಕರು ಬೇಸ್ ಸ್ವಲ್ಪ ಕಡಿಮೆ ಎಂದು ದೂರಿದ ಧ್ವನಿವರ್ಧಕವೇ ಬೆಂಗಳೂರಿನ ಇಲ್ಲವೇ ಹುಬ್ಬಳ್ಳಿಯ ಕೋಣೆಗೆ ಸರಿಹೊಂದುವ ಸಂಭವ ಹೆಚ್ಚು.

ಜಮಖಾನ, ದಪ್ಪ ಪರದೆ, ಬಟ್ಟೆ ಹೊದಿಸಿದ ಸೋಫಾ ಇವು ಅನುರಣನೆಯನ್ನು ತಗ್ಗಿಸಿ ಮಾತನ್ನು ಸ್ಪಷ್ಟಗೊಳಿಸುತ್ತವೆ, ಆದರೆ ಬೇಸ್ ಮೇಲೆ ಇವುಗಳ ಪ್ರಭಾವವಿಲ್ಲ. ಒಂದು ಇಂಚಿನ ಸ್ಪಂಜಿನ ಹಲಗೆಗಳೂ ಹಾಗೆಯೇ: 86 ಹರ್ಟ್ಸ್‌ನ ತರಂಗದೂರದ ಕಾಲುಭಾಗವೇ ಒಂದು ಮೀಟರ್ ಇರುವಾಗ ಇಂಚಿನ ಸ್ಪಂಜು ಅದನ್ನು ಹಿಡಿಯಲಾರದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ರೂಢಿಯಿಂದ ಗೋಡೆ ಕೆಡುವುದೇ ಹೆಚ್ಚು. ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ ಹತ್ತಿಯ ಹಾಸಿಗೆ ಇವೆಲ್ಲಕ್ಕಿಂತ ಮೇಲು.

ಕರಾವಳಿ ಮತ್ತು ಮಲೆನಾಡಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಗೆ ಪೆಟ್ಟಿಗೆಯನ್ನು ಒತ್ತಿ ಇಟ್ಟರೆ ಮರದ ಪುಡಿಯಿಂದ ಮಾಡಿದ ಹಲಗೆ ಉಬ್ಬುತ್ತದೆ, ಬೂಸ್ಟು ಹಿಡಿಯುತ್ತದೆ. ಶಂಕುವಿನ ಸುತ್ತಲಿನ ಅಂಚು ಪಾಲಿಯುರೆಥೇನ್ ಸ್ಪಂಜಿನದಾದರೆ ಸೆಕೆ ಮತ್ತು ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನದು ಬಹುಕಾಲ ಬಾಳುತ್ತದೆ. ಹಳೆಯ ಧ್ವನಿವರ್ಧಕ ಕೊಳ್ಳುವವರು ಜಾಲರಿ ತೆಗೆಸಿ ಈ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಬೇಕು.

ವಸತಿ ಸಮುಚ್ಚಯಗಳಲ್ಲಿ ಮಂದ್ರಧ್ವನಿ ಛಾವಣಿಯ ಮೂಲಕ ಮೇಲಿನ ಮತ್ತು ಕೆಳಗಿನ ಮನೆಗಳಿಗೆ ದಾಟುತ್ತದೆ. ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್.

ಕೊಳ್ಳುವ ಮೊದಲು

ಅಂಗಡಿಯ ಕೇಳುಕೋಣೆಯಲ್ಲಿ ಧ್ವನಿವರ್ಧಕಗಳನ್ನು ಗೋಡೆಯಿಂದ ದೂರ, ದಪ್ಪ ಜಮಖಾನದ ಮೇಲೆ ನಿಲ್ಲಿಸಿರುತ್ತಾರೆ. ಅಲ್ಲಿ ಮೆಚ್ಚಿಗೆಯಾದದ್ದು ಮನೆಯಲ್ಲಿ ಬೇರೆಯಾಗಿ ನುಡಿಯುವುದು ಆಶ್ಚರ್ಯವಲ್ಲ. ಪೆಟ್ಟಿಗೆಯನ್ನು ಗೋಡೆಗೆ ಸರಿಸಿ ಕೇಳಿಸುವಂತೆ ಅಂಗಡಿಯವರನ್ನು ಕೇಳಿಕೊಳ್ಳಬಹುದು. ಒಪ್ಪದವರ ಬಳಿ ವಾಪಸಾತಿಯ ಅವಧಿಯನ್ನು ಬರಹದಲ್ಲಿ ಪಡೆಯಬೇಕು. ಅದಕ್ಕೂ ಮುಂಚೆ, ಕೊಳ್ಳಬೇಕೆಂದಿರುವ ಮಾದರಿಯ ಅಳತೆಯ ರಟ್ಟಿನ ಡಬ್ಬಿಗಳನ್ನು ಮನೆಯಲ್ಲಿ ಆ ಜಾಗದಲ್ಲಿಟ್ಟು ಒಂದು ವಾರ ಬದುಕಿ ನೋಡುವುದು ಒಳ್ಳೆಯದು. ಬಾಗಿಲು ತೆರೆಯುತ್ತದೆಯೇ, ಬೀರುವಿನ ಬೀಗ ಕೈಗೆ ಸಿಗುತ್ತದೆಯೇ, ಕಸ ಗುಡಿಸುವವರ ಪೊರಕೆ ಹೋಗುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ಪರೀಕ್ಷೆಗೆ ಒಯ್ಯುವ ಧ್ವನಿಮುದ್ರಣ ಕೇಳುವವರಿಗೆ ಕಂಠಪಾಠವಾಗಿರಬೇಕು. ಅದರಲ್ಲಿ ಗಂಡು ದನಿಯ ಮಾತು, ಮೃದಂಗ ಅಥವಾ ತಬಲಾ, ಮತ್ತು ಮಂದ್ರದಿಂದ ಮೇಲಕ್ಕೆ ಒಂದೊಂದೇ ಸ್ವರವಾಗಿ ಏರುವ ವೀಣೆಯ ಅಥವಾ ಸಿತಾರಿನ ಆಲಾಪನೆ ಇದ್ದರೆ ಯಾವ ಸ್ವರ ಉಬ್ಬುತ್ತದೆ, ಯಾವುದು ಅಡಗುತ್ತದೆ ಎಂಬುದು ಯಂತ್ರದ ನೆರವಿಲ್ಲದೆಯೇ ಗೊತ್ತಾಗುತ್ತದೆ.